ಮನೆಯಲ್ಲಿಟ್ಟ ಮೋಟಾರು ಎಣ್ಣೆ

ನಿಮ್ಮ ಮನೆಯಲ್ಲಿ ಎಷ್ಟು ಬಗೆಯ ಎಣ್ಣೆಗಳಿವೆಯೆಂದು ಒಮ್ಮೆ ಎಣಿಸಿ ನೋಡಿರಿ. ಅಡುಗೆಮನೆಯಲ್ಲಿ ಶೇಂಗಾ ಎಣ್ಣೆ ಇಲ್ಲವೆ ಕುಸುಬಿ ಎಣ್ಣೆ, ದೇವರ ಗೂಡಿನಲ್ಲಿ ದೀಪದ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರಕ್ಕೆ ಸಣ್ಣ ಶೀಸೆಯಲ್ಲಿ ತೆಳುವಾದ ಎಣ್ಣೆ. ಇವುಗಳಿಗೆಲ್ಲ ಒಂದೊಂದು ಗೊತ್ತಾದ ಜಾಗವಿದೆ. ಕತ್ತಲಲ್ಲಿ ಕೈ ಚಾಚಿದರೂ ಮನೆಯಾಕೆಗೆ ಬೇಕಾದ ಎಣ್ಣೆಯೇ ಸಿಗುತ್ತದೆ. ಆದರೆ ಮೋಟಾರ್‌ಸೈಕಲ್ಲು, ಟ್ರ್ಯಾಕ್ಟರು, ನೀರೆತ್ತುವ ಡೀಸೆಲ್ ಎಂಜಿನ್ನು ಇವುಗಳಿಗೆಂದು ತಂದ ಎಣ್ಣೆಗೆ ಮಾತ್ರ ಇಂಥದೇ ಎಂಬ ಜಾಗವಿಲ್ಲ. ಬಾಗಲಕೋಟೆಯ ನವನಗರದಲ್ಲಿ ಅದು ಮೆಟ್ಟಿಲ ಕೆಳಗಿನ ಮೂಲೆ ಸೇರುತ್ತದೆ. ಹುನಗುಂದದ ಕಡೆಯ ಮನೆಗಳಲ್ಲಿ ಬಚ್ಚಲೊಲೆಯ ಹತ್ತಿರ, ಇಳಕಲ್ಲಿನಲ್ಲಿ ಮಗ್ಗದ ಮಗ್ಗುಲಲ್ಲಿ, ಬಾದಾಮಿಯಲ್ಲಿ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಅದು ಕುಳಿತಿರಬಹುದು. ಇಟ್ಟವರಿಗೆ ಅದು ನೆನಪಿರುತ್ತದೆ, ಉಳಿದವರಿಗೆ ಗೊತ್ತೇ ಇರುವುದಿಲ್ಲ. ಇಂಥ ಡಬ್ಬಿಯಿಂದ ಮನೆಗೆ ಆಗಬಹುದಾದ ಕೇಡು ಯಾವುದು, ಮನೆಯಿಂದ ಆ ಎಣ್ಣೆಗೆ ಆಗುವ ಕೇಡು ಯಾವುದು, ಎರಡನ್ನೂ ತಪ್ಪಿಸುವ ಬಗೆ ಏನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಎಣ್ಣೆ ಮನೆಯಲ್ಲಿ ಉಳಿಯುವುದೇಕೆ ಎಂಬುದು ಮೊದಲ ಪ್ರಶ್ನೆ. ಸಾಮಾನ್ಯ ಮೋಟಾರ್‌ಸೈಕಲ್ಲಿಗೆ ಒಂದು ಸಲಕ್ಕೆ ಸುಮಾರು ಒಂದು ಲೀಟರು ಎಣ್ಣೆ ಸಾಕು. ಐದು ಲೀಟರಿನ ಡಬ್ಬಿ ಕೊಂಡರೆ ಲೀಟರಿಗೆ ನಾಲ್ಕು ಕಾಸು ಕಡಿಮೆ ಬೀಳುತ್ತದೆಂದು ಜನ ದೊಡ್ಡದನ್ನೇ ಕೊಳ್ಳುತ್ತಾರೆ. ಹೊಲದ ಎಂಜಿನ್ನಿಗೂ ಟ್ರ್ಯಾಕ್ಟರಿಗೂ ಸುಗ್ಗಿಯ ನಡುವೆ ಎಣ್ಣೆ ಬೇಕಾದಾಗ ಪೇಟೆಗೆ ಓಡುವುದಾಗುವುದಿಲ್ಲವೆಂದು ಇಪ್ಪತ್ತು ಲೀಟರಿನ ಬಕೀಟನ್ನೇ ತಂದಿಡುವವರೂ ಇದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ, ಕೂಡಿಡುವುದು ನಮ್ಮ ನಾಡಿನ ರೂಢಿಯೇ. ಜೋಳವನ್ನು ಹಗೇವಿನಲ್ಲಿ ತುಂಬಿದ ಹಿರಿಯರು ಅದಕ್ಕೊಂದು ಕ್ರಮವನ್ನು ಕಂಡುಕೊಂಡಿದ್ದರು. ಗಾಡಿಯ ಎಣ್ಣೆಗೂ ಹಾಗೊಂದು ಕ್ರಮ ಬೇಕು.

ಹಾಗೆ ನೋಡಿದರೆ ಗಾಡಿಗೆ ಎಣ್ಣೆ ಹಾಕುವುದು ನಮಗೆ ಹೊಸದಲ್ಲ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಎರೆಯದೆ ಯಾವ ರೈತನೂ ದೂರದ ಸಂತೆಗೆ ಹೊರಡುತ್ತಿರಲಿಲ್ಲ. ಔಡಲ ಎಣ್ಣೆ ಅದಕ್ಕೆ ಒಳ್ಳೆಯದೆಂದು ಅವನಿಗೆ ತಿಳಿದಿತ್ತು, ಏಕೆಂದರೆ ಅದು ದಪ್ಪ, ಜಾರುವ ಗುಣವುಳ್ಳದ್ದು, ಬಿಸಿಗೆ ಬೇಗ ತೆಳುವಾಗಿ ಸೋರಿಹೋಗದು. ಇಂಗ್ಲಂಡಿನ ವೇಕ್‌ಫೀಲ್ಡ್ ಕಂಪನಿಯವರು ೧೯೦೯ರಲ್ಲಿ ಮೋಟಾರು ಮತ್ತು ವಿಮಾನಗಳಿಗೆಂದು ಹೊರತಂದ ಎಣ್ಣೆಯಲ್ಲಿಯೂ ಇದೇ ಔಡಲ ಎಣ್ಣೆಯನ್ನು ಸೇರಿಸಿದರು. ಇಂಗ್ಲಿಷಿನ ಔಡಲದ ಹೆಸರಿನಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಾಯಿತು. ಇಂದಿನ ಎಂಜಿನ್ ಎಣ್ಣೆ ಬೇರೆ ಜಾತಿಯದು. ಅದರ ನೂರು ಭಾಗದಲ್ಲಿ ಸುಮಾರು ೭೫ರಿಂದ ೯೦ ಭಾಗ ಭೂಮಿಯಿಂದ ತೆಗೆದ ಕಲ್ಲೆಣ್ಣೆಯನ್ನು ಶೋಧಿಸಿ ಪಡೆದ ಎಣ್ಣೆ, ಇಲ್ಲವೆ ರಸಾಯನ ಕ್ರಿಯೆಯಿಂದ ತಯಾರಿಸಿದ ಎಣ್ಣೆ. ಉಳಿದದ್ದು ಬೇರೆ ಬೇರೆ ರಸಾಯನಗಳು. ಮಸಿಯನ್ನು ತೊಳೆಯುವುದು ಒಂದು, ತೊಳೆದ ಮಸಿ ಗಂಟುಕಟ್ಟದಂತೆ ತೇಲಿಸಿಡುವುದು ಇನ್ನೊಂದು, ಲೋಹಕ್ಕೆ ಲೋಹ ತಿಕ್ಕಿ ಸವೆಯದಂತೆ ತಡೆಯುವ ಸತುವಿನ ಸಂಯುಕ್ತ ಮತ್ತೊಂದು, ತುಕ್ಕು ತಡೆಯುವುದು ಬೇರೊಂದು. ಈ ಕೂಟ ಕೆಡದಂತೆ ಇರಬೇಕಾದರೆ ಎಣ್ಣೆಯನ್ನು ಇಡುವ ರೀತಿ ಸರಿಯಾಗಿರಬೇಕು.

ಮೊದಲು ಬೆಂಕಿಯ ವಿಚಾರ. ಮೋಟಾರಿಗೆ ಸಂಬಂಧಿಸಿದ್ದೆಲ್ಲ ಪೆಟ್ರೋಲಿನಂತೆ ಭಗ್ಗೆಂದು ಹೊತ್ತಿಕೊಳ್ಳುತ್ತದೆಂಬ ಹೆದರಿಕೆ ಕೆಲವರಿಗೆ; ಗಾಡಿಯ ಎಣ್ಣೆ ಹೊತ್ತುವುದೇ ಇಲ್ಲವೆಂಬ ಧೈರ್ಯ ಇನ್ನು ಕೆಲವರಿಗೆ. ಎರಡೂ ಪೂರ್ತಿ ನಿಜವಲ್ಲ. ಯಾವುದೇ ಎಣ್ಣೆಯನ್ನು ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಅದರ ಮೇಲೆ ಸಾಕಷ್ಟು ಆವಿ ಕೂಡುತ್ತದೆ, ಆಗ ಕಿಡಿ ತಾಗಿಸಿದರೆ ಆ ಆವಿ ಫಕ್ಕನೆ ಮಿಂಚುತ್ತದೆ. ಪೆಟ್ರೋಲಿಗೆ ಈ ಉಷ್ಣಮಾನ ಶೂನ್ಯಕ್ಕಿಂತಲೂ ಬಹಳ ಕೆಳಗೆ. ಆದ್ದರಿಂದ ನಮ್ಮ ಊರಿನಲ್ಲಿ ಅದು ಎಲ್ಲ ಕಾಲದಲ್ಲಿಯೂ ಹೊತ್ತಲು ಸಿದ್ಧವಾಗಿಯೇ ಇರುತ್ತದೆ. ಎಂಜಿನ್ ಎಣ್ಣೆಗಾದರೋ ಇದು ಸಾಮಾನ್ಯವಾಗಿ ೨೦೦ ಅಂಶ ಸೆಂಟಿಗ್ರೇಡಿಗಿಂತ ಮೇಲೆ. ನಮ್ಮ ದೇಶದ ೧೯೩೪ರ ಪೆಟ್ರೋಲಿಯಂ ಕಾಯಿದೆಯು ೨೩ ಅಂಶಕ್ಕಿಂತ ಕೆಳಗೆ ಮಿಂಚುವುದನ್ನು ‘ಎ’ ವರ್ಗ, ೨೩ರಿಂದ ೬೫ರೊಳಗಿನದನ್ನು ‘ಬಿ’ ವರ್ಗ, ೬೫ರಿಂದ ೯೩ರೊಳಗಿನದನ್ನು ‘ಸಿ’ ವರ್ಗ ಎಂದು ಎಣಿಸುತ್ತದೆ. ಪೆಟ್ರೋಲು ಮೊದಲನೆಯದರಲ್ಲಿ, ಸೀಮೆಎಣ್ಣೆ ಮತ್ತು ಡೀಸೆಲ್ ಎರಡನೆಯದರಲ್ಲಿ ಬರುತ್ತವೆ. ಎಂಜಿನ್ ಎಣ್ಣೆ ಈ ಮೂರು ವರ್ಗಗಳಿಗೂ ಹೊರಗೆ ಉಳಿಯುತ್ತದೆ.

ಹಾಗಾದರೆ ಅಪಾಯವಿಲ್ಲವೇ ಎಂದು ನೀವು ಕೇಳಬಹುದು. ದೀಪದ ಎಣ್ಣೆಯನ್ನೇ ನೆನೆಯಿರಿ. ಬಟ್ಟಲಿನಲ್ಲಿರುವ ಎಣ್ಣೆಗೆ ಕಡ್ಡಿ ಗೀರಿ ಹಿಡಿದರೆ ಅದು ಹೊತ್ತುವುದಿಲ್ಲ, ಬತ್ತಿ ಇಟ್ಟರೆ ರಾತ್ರಿಯೆಲ್ಲ ಉರಿಯುತ್ತದೆ. ಬತ್ತಿಯು ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಎಳೆದುಕೊಡುತ್ತದೆ, ಆ ಸ್ವಲ್ಪ ಬೇಗ ಕಾಯುತ್ತದೆ. ಮೋಟಾರು ಎಣ್ಣೆಯದೂ ಇದೇ ರೀತಿ. ಬಿಗಿಯಾಗಿ ಮುಚ್ಚಿದ ಡಬ್ಬಿಗೆ ತಾನಾಗಿ ಬೆಂಕಿ ಬೀಳದು. ಆದರೆ ಅದರ ಪಕ್ಕದಲ್ಲಿ ಎಣ್ಣೆ ಒರೆಸಿ ಎಸೆದ ಅರಿವೆ, ಗೋಣಿಚೀಲ, ಹತ್ತಿ, ಕಬ್ಬಿನ ರವದಿ, ಹಳೆಯ ಕಾಗದ ಬಿದ್ದಿದ್ದರೆ ಅವೆಲ್ಲ ಬತ್ತಿಗಳೇ. ಬಚ್ಚಲೊಲೆಯ ಒಂದು ಕಿಡಿ ಹಾರಿದರೆ ಮೊದಲು ಅರಿವೆ, ಆಮೇಲೆ ಪ್ಲಾಸ್ಟಿಕ್ ಡಬ್ಬಿ, ಡಬ್ಬಿ ಕರಗಿದ ಮೇಲೆ ಒಳಗಿನ ಐದು ಲೀಟರು ಎಣ್ಣೆ ಹೀಗೆ ಒಂದರ ಹಿಂದೆ ಒಂದು ಉರಿಯುತ್ತವೆ. ಆದ್ದರಿಂದ ಒಲೆ, ಗ್ಯಾಸ್ ಸಿಲಿಂಡರು, ದೇವರ ದೀಪ, ಇನ್‌ವರ್ಟರಿನ ಬ್ಯಾಟರಿ ಇವುಗಳ ಕೋಣೆಯಲ್ಲಿ ಎಣ್ಣೆಯ ಡಬ್ಬಿ ಬೇಡ. ಮೆಟ್ಟಿಲ ಕೆಳಗೂ ಬೇಡ. ಬೆಂಕಿ ಬಿದ್ದ ಹೊತ್ತಿನಲ್ಲಿ ಮಾಳಿಗೆಯ ಮೇಲಿದ್ದವರು ಇಳಿದು ಬರುವ ದಾರಿ ಅದೊಂದೇ.

ಇಳಕಲ್ಲಿನ ಮಗ್ಗದ ಮನೆಗಳಿಗೆ ಈ ಮಾತನ್ನು ಒತ್ತಿ ಹೇಳಬೇಕು. ಇಳಕಲ್ ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಶಿಮೆಯ ಹಾಸು. ಎರಡನ್ನೂ ಕೊಂಡಿ ಹಾಕಿ ಕೂಡಿಸುವುದೇ ಆ ನೇಯ್ಗೆಯ ವಿಶೇಷ. ಮಗ್ಗವಿರುವ ಕೋಣೆಯಲ್ಲಿ ನೂಲಿನ ಲಡಿ, ಬಣ್ಣ ಕಟ್ಟಿದ ರೇಶಿಮೆ, ಗಾಳಿಗೆ ಹಾರುವ ನೂಲಿನ ಸಣ್ಣ ನಾರು ಇದ್ದೇ ಇರುತ್ತವೆ. ವಿದ್ಯುತ್ ಮಗ್ಗವಾದರೆ ಅದಕ್ಕೂ ಎಣ್ಣೆ ಬೇಕು. ಎಣ್ಣೆಯ ಮೇಲೆ ಕೂತ ನಾರು ಬತ್ತಿಯಾಗುವುದಕ್ಕೆ ತಡವಿಲ್ಲ. ಬೆಂಕಿಯ ಮಾತು ಬಿಟ್ಟರೂ ಎಣ್ಣೆಯ ಒಂದು ಹನಿ ರೇಶಿಮೆಯ ಸೆರಗಿಗೆ ಬಿದ್ದರೆ ದಿನಗಟ್ಟಲೆ ಮಾಡಿದ ದುಡಿತ ಹಾಳು. ಮಗ್ಗಕ್ಕೆ ಬೇಕಾದಷ್ಟು ಎಣ್ಣೆಯನ್ನು ಸಣ್ಣ ಮೂತಿಯ ಎಣ್ಣೆಗಿಂಡಿಯಲ್ಲಿ ಇಟ್ಟುಕೊಂಡು, ದೊಡ್ಡ ಡಬ್ಬಿಯನ್ನು ಬೇರೆ ಕಡೆಗೆ ಸಾಗಿಸುವುದು ಲೇಸು.

ಅರಿವೆಯ ವಿಷಯದಲ್ಲಿ ಇನ್ನೊಂದು ಮಾತು. ಎಣ್ಣೆ ಹೀರಿದ ಚಿಂದಿ ತಾನೇ ಹೊತ್ತಿಕೊಳ್ಳುತ್ತದೆಂದು ನೀವು ಕೇಳಿರಬಹುದು. ಇದು ಮುಖ್ಯವಾಗಿ ಅಗಸಿ ಎಣ್ಣೆಯಂಥ, ಗಾಳಿಗೆ ಒಣಗಿ ಪೊರೆಗಟ್ಟುವ ಎಣ್ಣೆಗಳ ಗುಣ. ಅವು ಗಾಳಿಯ ಆಮ್ಲಜನಕವನ್ನು ಹೀರುವಾಗ ಬಿಸಿಯಾಗುತ್ತವೆ. ಅರಿವೆಯನ್ನು ಮುದ್ದೆ ಮಾಡಿ ಒತ್ತಿಟ್ಟರೆ ಆ ಬಿಸಿ ಹೊರಗೆ ಹೋಗಲಾರದೆ ಏರುತ್ತ ಹೋಗುತ್ತದೆ. ನಮ್ಮ ಭಾಗದಲ್ಲಿ ಅಗಸಿ ಹೊಲಕ್ಕೂ ಚಟ್ನಿಗೂ ಹಳೆಯ ಪರಿಚಯ, ಬಡಿಗರು ಕಟ್ಟಿಗೆಗೆ ಅಗಸಿ ಎಣ್ಣೆ ಹಚ್ಚುವುದೂ ಉಂಟು. ಆ ಅರಿವೆಯನ್ನು ಬಿಡಿಸಿ, ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು. ಎಂಜಿನ್ ಎಣ್ಣೆಯ ಅರಿವೆ ಹಾಗೆ ಸುಲಭವಾಗಿ ತಾನೇ ಕಾಯುವುದಿಲ್ಲ. ಆದರೂ ಎರಡನ್ನೂ ಕೂಡಿಸಿ ಒಂದು ಮೂಲೆಗೆ ಒಗೆದರೆ ಯಾವುದು ಯಾವುದೆಂದು ತಿಳಿಯುವವರು ಯಾರು? ಮುಚ್ಚಳವುಳ್ಳ ತಗಡಿನ ಡಬ್ಬಿಯೊಂದನ್ನು ಎಣ್ಣೆ ಅರಿವೆಗೆಂದೇ ಇಟ್ಟುಬಿಡಿರಿ.

ಇನ್ನು ಪಾತ್ರೆಯ ವಿಚಾರ. ಇದರಲ್ಲಿ ಬೆಂಕಿಗಿಂತ ದೊಡ್ಡ ಅಪಾಯವಿದೆ. ಉಳಿದ ಎಣ್ಣೆಯನ್ನು ತಂಪುಪಾನೀಯದ ಬಾಟಲಿಗೋ ನೀರಿನ ಬಾಟಲಿಗೋ ಅಡುಗೆ ಎಣ್ಣೆಯ ಕ್ಯಾನಿಗೋ ಸುರಿದಿಡುವ ರೂಢಿ ಬಹಳ ಮನೆಗಳಲ್ಲಿದೆ. ಹೊಸ ಎಂಜಿನ್ ಎಣ್ಣೆ ಹೊಂಬಣ್ಣದ್ದು, ತಿಳಿಯಾದದ್ದು. ಬಾಟಲಿಯಲ್ಲಿ ನೋಡಿದರೆ ಮಗುವಿಗೆ ಶರಬತ್ತು, ದೊಡ್ಡವರಿಗೆ ಶೇಂಗಾ ಎಣ್ಣೆ. ಮೊರಾಕ್ಕೊ ದೇಶದ ಮೆಕ್ನೆಸ್ ಊರಿನಲ್ಲಿ ೧೯೫೯ರಲ್ಲಿ ಒಂದು ಘೋರ ನಡೆಯಿತು. ಅಗ್ಗದ ಅಡುಗೆ ಎಣ್ಣೆಯನ್ನು ಕೊಂಡು ತಿಂದ ಸುಮಾರು ೧೦,೦೦೦ ಜನರ ಕೈಕಾಲುಗಳಲ್ಲಿ ಶಕ್ತಿ ಕುಂದಿ ಲಕ್ವ ಹೊಡೆದಂತಾಯಿತು. ವ್ಯಾಪಾರಿಗಳು ಆ ಎಣ್ಣೆಯಲ್ಲಿ ಜೆಟ್ ವಿಮಾನದ ಎಂಜಿನ್ನಿಗೆ ಹಾಕುವ, ಸೇನೆಯ ನೆಲೆಯಲ್ಲಿ ಹೆಚ್ಚಾಗಿ ಉಳಿದಿದ್ದ ಎಣ್ಣೆಯನ್ನು ಬೆರೆಸಿದ್ದರು. ಅದರಲ್ಲಿದ್ದ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ವಸ್ತು ನರಗಳನ್ನು ಕೆಡಿಸಿತು. ೧೯೮೮ರಲ್ಲಿ ನಮ್ಮ ಕಲಕತ್ತೆಯ ಬೆಹಾಲಾ ಭಾಗದಲ್ಲಿಯೂ ಇದೇ ವಸ್ತು ಬೆರೆತ ಅಡುಗೆ ಎಣ್ಣೆಯಿಂದ ನೂರಾರು ಜನ ನರಳಿದರು. ಸಾಮಾನ್ಯ ಗಾಡಿಯ ಎಣ್ಣೆಯಲ್ಲಿರುವ ರಸಾಯನಗಳು ಬೇರೆ ಎಂಬುದು ನಿಜ. ಆದರೆ ಯಂತ್ರದ ಎಣ್ಣೆಯನ್ನು ತಿನ್ನುವ ಎಣ್ಣೆಯಿಂದ ಕಣ್ಣಾಗಲಿ ಮೂಗಾಗಲಿ ಬೇರ್ಪಡಿಸಲಾರದೆಂಬ ಮಾತಿಗೆ ಈ ಎರಡು ಊರುಗಳೇ ಸಾಕ್ಷಿ. ಅಲ್ಲಿ ದುರಾಸೆಯಿಂದ ಆದ ಬೆರಕೆ ನಮ್ಮ ಮನೆಯಲ್ಲಿ ಮರೆವಿನಿಂದ ಆಗಬಾರದು.

ಆದ್ದರಿಂದ ಎಣ್ಣೆ ಬಂದ ಡಬ್ಬಿಯಲ್ಲಿಯೇ ಇರಲಿ. ಡಬ್ಬಿ ಒಡೆದು ಬದಲಾಯಿಸಲೇಬೇಕಾದರೆ ಇನ್ನೊಂದು ಎಂಜಿನ್ ಎಣ್ಣೆಯ ಖಾಲಿ ಡಬ್ಬಿಯನ್ನೇ ಒಣಗಿಸಿ ಬಳಸಿರಿ. ಹಳೆಯ ಚೀಟಿಯನ್ನು ಹರಿದುಹಾಕಿ, ಒಳಗೆ ಏನಿದೆ, ಯಾವ ಗಾಡಿಯದು, ಯಾವ ದಿನ ತೆರೆದದ್ದು ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿರಿ. ಖಾಲಿಯಾದ ಎಂಜಿನ್ ಎಣ್ಣೆಯ ಬಕೀಟು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ತೊಳೆದು ಹಿಟ್ಟಿಗೂ ಕುಡಿಯುವ ನೀರಿಗೂ ದನದ ಕಲಗಚ್ಚಿಗೂ ಬಳಸಕೂಡದು. ಪ್ಲಾಸ್ಟಿಕ್ಕಿನ ಮೈಯಲ್ಲಿ ಇಳಿದ ಎಣ್ಣೆ ಸಾಬೂನಿನಿಂದ ಪೂರ್ತಿ ಹೋಗುವುದಿಲ್ಲ.

ಅಕಸ್ಮಾತ್ತಾಗಿ ಮಗುವೊಂದು ಎಣ್ಣೆಯನ್ನು ಕುಡಿದುಬಿಟ್ಟರೆ ಏನು ಮಾಡಬೇಕು? ಉಪ್ಪುನೀರು ಕುಡಿಸಿ, ಗಂಟಲಲ್ಲಿ ಬೆರಳಿಟ್ಟು ವಾಂತಿ ಮಾಡಿಸುವುದು ಹಲವರಿಗೆ ಮೊದಲು ಹೊಳೆಯುವ ಉಪಾಯ. ಅದನ್ನು ಮಾತ್ರ ಮಾಡಬಾರದು. ಇಂಥ ಎಣ್ಣೆ ಹೊಟ್ಟೆಯಲ್ಲಿ ಮಾಡುವ ಕೇಡಿಗಿಂತ, ವಾಂತಿಯಾಗುವಾಗ ಉಸಿರಿನೊಡನೆ ಪುಪ್ಪುಸಕ್ಕೆ ಇಳಿದರೆ ಮಾಡುವ ಕೇಡು ಹೆಚ್ಚು. ಸೀಮೆಎಣ್ಣೆ, ಪೆಟ್ರೋಲಿನ ವಿಷಯದಲ್ಲಿ ಈ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಅವು ಬಲು ತೆಳು. ಬಾಯಿ ಒರೆಸಿ, ಬಾಯಿ ಮುಕ್ಕಳಿಸಿ, ಎಣ್ಣೆ ಚೆಲ್ಲಿದ ಬಟ್ಟೆ ಬಿಚ್ಚಿ, ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಬರಹ ವೈದ್ಯರಿಗೆ ಬೇಕಾಗುತ್ತದೆ. ಕೆಮ್ಮು, ಏದುಸಿರು ಕಂಡರೆ ಒಂದು ಕ್ಷಣವೂ ತಡಮಾಡಕೂಡದು.

ಈಗ ಎಣ್ಣೆಗೆ ಆಗುವ ಕೇಡನ್ನು ನೋಡೋಣ. ಅದರ ದೊಡ್ಡ ವೈರಿ ನೀರು. ‘ಮುಚ್ಚಳ ಹಾಕಿದ ಡಬ್ಬಿಗೆ ನೀರು ಹೋಗುವುದೆಲ್ಲಿಂದ?’ ಎಂದು ಕೇಳಬಹುದು. ಡಬ್ಬಿ ಉಸಿರಾಡುತ್ತದೆ. ನಮ್ಮ ಭಾಗದಲ್ಲಿ ಬೇಸಿಗೆಯ ಹಗಲು ೪೦ ಅಂಶ ದಾಟುವುದುಂಟು, ತಗಡಿನ ಚಪ್ಪರದ ಕೆಳಗೆ ಅದಕ್ಕೂ ಹೆಚ್ಚು. ಅರ್ಧ ಖಾಲಿಯಾದ ಇಪ್ಪತ್ತು ಲೀಟರಿನ ಬಕೀಟಿನಲ್ಲಿ ಹತ್ತು ಲೀಟರು ಗಾಳಿಯಿದೆಯೆನ್ನಿರಿ. ಬೆಳಗಿನ ೨೫ ಅಂಶದಿಂದ ಮಧ್ಯಾಹ್ನದ ೪೫ ಅಂಶಕ್ಕೆ ಏರುವಾಗ ಆ ಗಾಳಿ ಸುಮಾರು ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆಯಷ್ಟು ಹಿಗ್ಗಿ, ಸಡಿಲವಾದ ಮುಚ್ಚಳದ ಸಂದಿಯಿಂದ ಹೊರಗೆ ಹೋಗುತ್ತದೆ. ರಾತ್ರಿ ತಂಪಾದಾಗ ಅಷ್ಟೇ ಗಾಳಿಯನ್ನು ಡಬ್ಬಿ ಒಳಗೆಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಗಾಳಿಯ ಜೊತೆಗೆ ತೇವವೂ ಒಳಗೆ ಬರುತ್ತದೆ, ಮುಚ್ಚಳದ ಸುತ್ತ ನೀರು ನಿಂತಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಹೊರಗೆ ನೆಟ್ಟಗೆ ನಿಲ್ಲಿಸಿದ ದೊಡ್ಡ ಪೀಪಾಯಿಗಳ ಎಣ್ಣೆ ಕೆಡುವುದು ಹೀಗೆಯೇ. ಅದಕ್ಕಾಗಿಯೇ ಪೀಪಾಯಿಯನ್ನು ಅಡ್ಡ ಮಲಗಿಸಿ, ಅದರ ಎರಡು ಬಿರಡೆಗಳು ಅಕ್ಕಪಕ್ಕದಲ್ಲಿ ಒಂದೇ ಮಟ್ಟಕ್ಕೆ ಬರುವಂತೆ ಇಡುತ್ತಾರೆ. ಆಗ ಬಿರಡೆಗಳು ಒಳಗಿನಿಂದ ಎಣ್ಣೆಯಲ್ಲಿ ಮುಳುಗಿರುವುದರಿಂದ ಗಾಳಿಯಾಗಲಿ ನೀರಾಗಲಿ ಒಳಗೆ ಹೋಗಲು ದಾರಿಯಿಲ್ಲ.

ನೀರು ಸೇರಿದ ಎಣ್ಣೆಯಲ್ಲಿ ರಸಾಯನಗಳು ಬೇರ್ಪಟ್ಟು ತಳಕ್ಕಿಳಿಯುತ್ತವೆ, ಎಂಜಿನ್ನಿನ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಮಬ್ಬಾಗಿದ್ದರೆ, ಇಲ್ಲವೆ ತಳದಲ್ಲಿ ಗಸಿ ಕಂಡರೆ ಆ ಎಣ್ಣೆಯನ್ನು ಎಂಜಿನ್ನಿಗೆ ಹಾಕಬೇಡಿರಿ. ಮುನ್ನೂರು ರೂಪಾಯಿಯ ಎಣ್ಣೆಯನ್ನು ಉಳಿಸಲು ಹೋಗಿ ಎಂಜಿನ್ನನ್ನೇ ಬಿಚ್ಚಿಸುವ ಲೆಕ್ಕ ಯಾರಿಗೂ ಬೇಡ. ಹೊಲದ ಪಂಪಿನ ಎಂಜಿನ್ನು ನೀರುಣಿಸುವ ಹೊತ್ತಿನಲ್ಲಿ ನಿಂತರೆ ಬೆಳೆಯ ಲೆಕ್ಕವೂ ಅದಕ್ಕೆ ಕೂಡುತ್ತದೆ. ಎಣ್ಣೆ ತೆಗೆದ ಕೂಡಲೇ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿರಿ. ಸ್ವಲ್ಪವೇ ಉಳಿದಿದ್ದರೆ ಅದೇ ಎಣ್ಣೆಯ ಸಣ್ಣ ಡಬ್ಬಿಗೆ ತುಂಬಿಡಿರಿ. ಡಬ್ಬಿ ತುಂಬಿದಷ್ಟೂ ಒಳಗೆ ಗಾಳಿ ಕಡಿಮೆ. ಸುರಿಯುವ ಲಾಳಿಕೆಗೆ ಧೂಳು ಹತ್ತದಂತೆ ಚೀಲದಲ್ಲಿ ಮುಚ್ಚಿಡಿರಿ. ಗಣಿಗಳ ಬದಿಯಲ್ಲಿ ಹಾರುವ ಕಲ್ಲಿನ ಧೂಳು ಎಣ್ಣೆಗೆ ಬಿದ್ದರೆ ಉಕ್ಕಿಗೆ ಉಜ್ಜುಗಾಗದವಿದ್ದಂತೆ.

ಹೀಗೆ ಕಾಪಾಡಿದ ಎಣ್ಣೆ ಎಷ್ಟು ದಿನ ಬಾಳುತ್ತದೆ? ಮುಚ್ಚಳ ತೆರೆಯದೆ ನೆರಳಿನಲ್ಲಿ ಇಟ್ಟ ಡಬ್ಬಿಗೆ ಹಲವು ತಯಾರಕರು ಮೂರರಿಂದ ಐದು ವರ್ಷಗಳ ಅವಧಿ ಹೇಳುತ್ತಾರೆ. ತಯಾರಾದ ತಿಂಗಳು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ, ಬೇರೆ ಅವಧಿ ಬರೆದಿದ್ದರೆ ಅದನ್ನೇ ನಂಬಿರಿ. ತೆರೆದ ಡಬ್ಬಿಯನ್ನು ಒಂದು ವರ್ಷದೊಳಗೆ ಮುಗಿಸುವುದು ಒಳ್ಳೆಯದು. ಮೊದಲು ತಂದದ್ದು ಮೊದಲು ಖರ್ಚಾಗಲಿ. ಒಂದು ಗಾಡಿಯ ಎಣ್ಣೆಯನ್ನು ಇನ್ನೊಂದಕ್ಕೆ ಹಾಕುವ ಆಸೆಯೂ ಬೇಡ. ಬಹಳಷ್ಟು ಮೋಟಾರ್‌ಸೈಕಲ್ಲುಗಳಲ್ಲಿ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುತ್ತದೆ. ಕಾರಿನ ಕೆಲವು ಎಣ್ಣೆಗಳಲ್ಲಿ ಜಾರಿಕೆಯನ್ನು ಹೆಚ್ಚಿಸುವ ರಸಾಯನಗಳಿರುತ್ತವೆ; ಅವು ಸೇರಿದರೆ ಕ್ಲಚ್ಚು ಹಿಡಿಯದೆ ಜಾರುತ್ತದೆ. ಡಬ್ಬಿಯ ಮೇಲಿನ ‘೨೦ಡಬ್ಲ್ಯೂ-೪೦’ ಎಂಬಂಥ ಅಂಕಿಗಳು ಎಣ್ಣೆಯ ದಪ್ಪವನ್ನು ಹೇಳುತ್ತವೆ: ಮೊದಲನೆಯದು ಚಳಿಯಲ್ಲಿ, ಎರಡನೆಯದು ಎಂಜಿನ್ನು ಕಾದಾಗ. ಗಾಡಿಯೊಡನೆ ಬಂದ ಪುಸ್ತಕದಲ್ಲಿ ಯಾವ ಅಂಕಿ ಇದೆಯೋ ಅದೇ ನಿಮ್ಮ ಎಣ್ಣೆ.

ಎಲ್ಲಿಡಬೇಕೆಂಬುದು ಈಗ ಸುಲಭವಾಗಿ ತೀರ್ಮಾನವಾಗುತ್ತದೆ. ನೆರಳಿರಬೇಕು, ಒಣಗಿರಬೇಕು, ಗಾಳಿಯಾಡಬೇಕು, ಒಲೆಯಿಂದ ದೂರವಿರಬೇಕು, ಮಕ್ಕಳ ಕೈಗೆ ಸಿಗಬಾರದು. ಬೀಗ ಹಾಕುವ ಕಬ್ಬಿಣದ ಸಣ್ಣ ಕಪಾಟು ಇದ್ದರೆ ಉತ್ತಮ. ಒಂದು ಲೀಟರು ಎಣ್ಣೆಯ ತೂಕ ಸುಮಾರು ೮೮೦ ಗ್ರಾಂ. ಇಪ್ಪತ್ತು ಲೀಟರಿನ ಬಕೀಟು ಎಂದರೆ ಹತ್ತಿರ ಹತ್ತಿರ ಹದಿನೆಂಟು ಕಿಲೋ. ಅದನ್ನು ತಲೆಗಿಂತ ಎತ್ತರದ ಹಲಗೆಯ ಮೇಲೆ ಏರಿಸಿದರೆ ಇಳಿಸುವಾಗ ಅಪಾಯ. ಕೆಳಗೆ ಹಲಗೆಯ ಮೇಲೆ, ಅಂಚುಳ್ಳ ಒಂದು ತಗಡಿನ ತಟ್ಟೆಯಲ್ಲಿ ಇಡಿರಿ. ಜೋಳ, ಗೋದಿಯ ಚೀಲಗಳೂ ಬೆಳೆಗೆ ಹೊಡೆಯುವ ಔಷಧಗಳೂ ಅದರ ಪಕ್ಕದಲ್ಲಿ ಇರಬಾರದು.

ಚೆಲ್ಲಿದಾಗ ಏನು ಮಾಡಬೇಕೆಂಬುದು ನೆಲವನ್ನು ಅನುಸರಿಸಿದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಚಪ್ಪಡಿಗೆ ಸೂಕ್ಷ್ಮವಾದ ರಂಧ್ರಗಳಿವೆ. ಚಾಲುಕ್ಯರ ಶಿಲ್ಪಿಗಳಿಗೆ ಉಳಿಗೆ ಒಲಿದ ಆ ಕಲ್ಲು ಎಣ್ಣೆಯನ್ನೂ ಬೇಗ ಒಳಗೆ ಎಳೆದುಕೊಳ್ಳುತ್ತದೆ. ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಇಳಕಲ್ಲಿನ ಗ್ರಾನೈಟು ಒತ್ತಾದ ಕಲ್ಲು, ಒರೆಸಲು ಸಮಯ ಕೊಡುತ್ತದೆ. ಆದರೆ ಮೇಲೆ ನಿಂತ ಎಣ್ಣೆಯಲ್ಲಿ ಕಾಲು ಜಾರುವುದು ಖಂಡಿತ. ಯಾವ ನೆಲವಾದರೂ ಮೊದಲು ಒಣಮಣ್ಣು, ಕಟ್ಟಿಗೆಯ ಪುಡಿ ಇಲ್ಲವೆ ಬೂದಿ ಸುರಿದು ಎಣ್ಣೆ ಹೀರಿಸಿರಿ. ಬೂದಿ ಪೂರ್ತಿ ತಣ್ಣಗಾಗಿರಬೇಕು, ಒಳಗೆ ಕೆಂಡ ಅಡಗಿರಬಾರದು. ಅದನ್ನು ಗುಡಿಸಿ ತೆಗೆದ ಮೇಲೆ ಸಾಬೂನಿನ ಪುಡಿ ಹಾಕಿ ಉಜ್ಜಿರಿ. ಪೆಟ್ರೋಲು ಸುರಿದು ತೊಳೆಯುವುದು ಮಾತ್ರ ಬೇಡವೇ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು: ನೀರು ತಳಕ್ಕಿಳಿದು, ಕುದಿದು, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಂದು ಬಕೀಟು ಒಣ ಮರಳು ಹತ್ತಿರದಲ್ಲಿರಲಿ. ಕೈಮೀರಿದರೆ ಮನೆಯವರನ್ನು ಹೊರಗೆ ಕರೆದು, ೧೦೧ ಇಲ್ಲವೆ ೧೧೨ಕ್ಕೆ ಫೋನು ಮಾಡಿರಿ.

ಕೊನೆಗೆ, ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯ ವಿಚಾರ. ಅದನ್ನು ಕೂಡಿಟ್ಟುಕೊಂಡು ಒರಲೆ ಹತ್ತದಂತೆ ಬಾಗಿಲ ಚೌಕಟ್ಟಿಗೆ ಬಳಿಯುವುದು, ಧೂಳು ಏಳದಂತೆ ಅಂಗಳಕ್ಕೆ ಚೆಲ್ಲುವುದು, ಒಲೆ ಹೊತ್ತಿಸುವುದು, ಉಣ್ಣಿ-ಕಜ್ಜಿಗೆಂದು ಎಮ್ಮೆಯ ಮೈಗೆ ಹಚ್ಚುವುದು ನಮ್ಮಲ್ಲಿ ನಡೆದು ಬಂದಿದೆ. ‘ನಮ್ಮ ಅಪ್ಪನ ಕಾಲದಿಂದ ಹಚ್ಚುತ್ತ ಬಂದೇವಿ, ಏನೂ ಆಗಿಲ್ಲ’ ಎನ್ನುವವರೂ ಇದ್ದಾರೆ. ಆದರೆ ಬಳಸಿದ ಎಣ್ಣೆ ಹೊಸ ಎಣ್ಣೆಯಲ್ಲ. ಅದರಲ್ಲಿ ಸವೆದ ಲೋಹದ ಕಣ, ಮಸಿ, ಉರಿದ ಇಂಧನದಿಂದ ಹುಟ್ಟಿದ ವಿಷವಸ್ತುಗಳು ಸೇರಿರುತ್ತವೆ. ಇವುಗಳಲ್ಲಿ ಕೆಲವು ಚರ್ಮಕ್ಕೆ ಮತ್ತೆ ಮತ್ತೆ ತಗುಲಿದರೆ ಅರ್ಬುದಕ್ಕೆ ಕಾರಣವಾಗಬಲ್ಲವು. ೨೦೦೦ದ ಇಸವಿಯವರೆಗೆ ನಮ್ಮ ಪೆಟ್ರೋಲಿನಲ್ಲಿ ಸೀಸವೂ ಇತ್ತು, ಅದು ಎಣ್ಣೆಗೂ ಇಳಿಯುತ್ತಿತ್ತು. ಎಮ್ಮೆ ತನ್ನ ಮೈಯನ್ನು ನೆಕ್ಕುತ್ತದೆ, ಕರುವೂ ನೆಕ್ಕುತ್ತದೆ. ಆ ಎಮ್ಮೆಯ ಹಾಲು ಕುಡಿಯುವವರು ನಿಮ್ಮ ಮಕ್ಕಳೇ. ಉಣ್ಣಿಗೆ ಪಶುವೈದ್ಯರಲ್ಲಿ ಔಷಧವಿದೆ.

ಇದನ್ನು ಗಟಾರಕ್ಕೆ ಸುರಿಯುವುದೂ ಸಲ್ಲದು. ಸುರಿದದ್ದು ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ ಕೆಳಗಿನ ನೀರಿಗೆ ಗಾಳಿ ಹೋಗದಂತೆ ತಡೆಯುತ್ತದೆ. ಬಾವಿಯ ಹತ್ತಿರ ಚೆಲ್ಲಿದರೆ ಇನ್ನೂ ಕೇಡು. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ನೋಂದಾಯಿತ ಸಂಸ್ಕರಣದವರನ್ನೇ ಸೇರಬೇಕು. ೨೦೨೪ರ ಏಪ್ರಿಲ್ ೧ರಿಂದ ಎಣ್ಣೆ ತಯಾರಿಸಿ ಮಾರುವವರಿಗೂ ಬಳಸಿದ ಎಣ್ಣೆಯ ಸಂಸ್ಕರಣದ ಹೊಣೆಯನ್ನು ನಿಯಮಗಳು ಹೊರಿಸಿವೆ. ಶುದ್ಧಿ ಮಾಡಿದರೆ ಅದರಿಂದಲೇ ಮತ್ತೆ ಎಣ್ಣೆಯಾಗುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಇಳಿಸಿದ ಎಣ್ಣೆಯನ್ನು ಆರಿದ ಮೇಲೆ ಖಾಲಿ ಎಣ್ಣೆಡಬ್ಬಿಗೆ ತುಂಬಿ, ‘ಬಳಸಿದ್ದು’ ಎಂದು ಬರೆದು, ಪೆಟ್ರೋಲು, ಸೀಮೆಎಣ್ಣೆ, ಬ್ರೇಕಿನ ಎಣ್ಣೆ, ನೀರು ಯಾವುದನ್ನೂ ಬೆರೆಸದೆ, ಅದನ್ನು ಕೂಡಿಸಿ ಸಂಸ್ಕರಣಕ್ಕೆ ಕಳಿಸುವ ಗ್ಯಾರೇಜಿಗೆ ಒಪ್ಪಿಸುವುದು. ಗ್ಯಾರೇಜಿನಲ್ಲಿಯೇ ಎಣ್ಣೆ ಬದಲಾಯಿಸಿದರೆ ಈ ತೊಂದರೆಯೂ ಇಲ್ಲ. ಕೈಗೆ ಹತ್ತಿದ ಎಣ್ಣೆಯನ್ನು ಊಟಕ್ಕೆ ಕೂಡುವ ಮೊದಲು ಸಾಬೂನು ಹಚ್ಚಿ ತೊಳೆಯಿರಿ.

ಹೊಳೆಯ ದಂಡೆಯಲ್ಲಿರುವವರಿಗೆ ಒಂದು ಮಾತು ಉಳಿದಿದೆ. ೨೦೦೯ರಲ್ಲಿ, ಮತ್ತೆ ೨೦೧೯ರ ಆಗಸ್ಟಿನಲ್ಲಿ ಮಹಾಪೂರ ಬಂದು ಈ ಸೀಮೆಯ ಊರುಗಳು ಮುಳುಗಿದ್ದನ್ನು ನಾವು ಮರೆತಿಲ್ಲ. ೨೦೧೯ರಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂದಿತ್ತು. ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ತುಂಬಿದ ಡಬ್ಬಿಯೂ ತೇಲುತ್ತದೆ. ಗೋಡೆಗೆ ಬಡಿದು ಒಡೆದರೆ ನೀರು ಇಳಿದ ಮೇಲೆ ಗೋಡೆ, ಹಾಸಿಗೆ, ಕಾಳು ಎಲ್ಲದಕ್ಕೂ ಎಣ್ಣೆಯ ಪದರು ಮೆತ್ತಿರುತ್ತದೆ. ಹೊಳೆಗೆ ನೀರು ಬಿಡುವ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ಕೂಡಲೇ ಡಬ್ಬಿಗಳ ಮುಚ್ಚಳ ಬಿಗಿದು ಮಾಳಿಗೆಗೆ ಸಾಗಿಸಿರಿ; ಹೊತ್ತಿಲ್ಲದಿದ್ದರೆ ಹಗ್ಗದಿಂದ ಕಂಬಕ್ಕೆ ಕಟ್ಟಿರಿ. ಆದರೆ ಡಬ್ಬಿಗಾಗಿ ಮನೆಯೊಳಗೆ ತಡೆದು ನಿಲ್ಲಬೇಡಿರಿ. ಮನೆಯ ಜನ, ದನಕರು ಮೊದಲು.

ಇಷ್ಟೆಲ್ಲ ಓದಿದ ಮೇಲೆ ಬರುವ ರವಿವಾರ ಅರ್ಧ ತಾಸು ಬಿಡುವು ಮಾಡಿಕೊಳ್ಳಿರಿ. ಮನೆ, ಹಿತ್ತಲು, ಕೊಟ್ಟಿಗೆ ಎಲ್ಲವನ್ನೂ ನೋಡಿ ಇರುವ ಡಬ್ಬಿಗಳನ್ನು ಒಂದೆಡೆ ತನ್ನಿರಿ. ಹೆಸರಿಲ್ಲದವಕ್ಕೆ ಹೆಸರು ಬರೆಯಿರಿ, ಕೆಟ್ಟದ್ದನ್ನು ಗ್ಯಾರೇಜಿಗೆ ಕಳಿಸಿರಿ, ಬಾಟಲಿಯಲ್ಲಿ ಇಟ್ಟದ್ದನ್ನು ಅಂದೇ ಡಬ್ಬಿಗೆ ವರ್ಗಾಯಿಸಿರಿ. ಆಮೇಲೆ ಆ ಜಾಗವನ್ನು ಮನೆಯ ಎಲ್ಲರಿಗೂ, ಮುಖ್ಯವಾಗಿ ಅಡುಗೆ ಮಾಡುವವರಿಗೂ ವಯಸ್ಸಾದವರಿಗೂ, ತೋರಿಸಿ ಹೇಳಿರಿ.